ಹತ್ತು ಡಿಗ್ರಿಯ ಬೆಲೆ

ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿಯೂ ದೊಡ್ಡ ಆಸ್ಪತ್ರೆಗಳಲ್ಲಿಯೂ ಬೀರುವಿನಷ್ಟು ಎತ್ತರದ ಫ್ರೀಜರುಗಳಿರುತ್ತವೆ. ರಕ್ತ, ಅಂಗಾಂಶ, ಡಿ.ಎನ್.ಎ. ಮೊದಲಾದವುಗಳ ಮಾದರಿಗಳನ್ನು ವರ್ಷಗಟ್ಟಲೆ ಕೆಡದಂತೆ ಕಾಯುವುದು ಇವುಗಳ ಕೆಲಸ. ಒಳಗಿನ ಉಷ್ಣತೆ ಸಾಮಾನ್ಯವಾಗಿ −80 ಡಿಗ್ರಿ ಸೆಲ್ಸಿಯಸ್. ಹಳೆಯ ಫ್ರೀಜರೊಂದು ದಿನಕ್ಕೆ 20 ಯೂನಿಟ್ ವಿದ್ಯುತ್ತನ್ನು ನುಂಗುವುದುಂಟು. ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಅದು ಒಂದು ವಾರಕ್ಕೆ ಸಾಕಾದೀತು. ಇದನ್ನು −70 ಡಿಗ್ರಿಗೆ ನಿಲ್ಲಿಸಿದರೆ ಸಾಲದೆ? ಬಹುಪಾಲು ಮಾದರಿಗಳಿಗೆ ಸಾಲುವುದೆಂದೇ ನಮ್ಮ ಅಭಿಪ್ರಾಯ.

ಹತ್ತು ಡಿಗ್ರಿ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಕೋಣೆಯ ಉಷ್ಣತೆ 27 ಡಿಗ್ರಿ, ಎಂದರೆ 300 ಕೆಲ್ವಿನ್ ಆಗಿರಲಿ. −80 ಡಿಗ್ರಿ ಎಂದರೆ 193 ಕೆಲ್ವಿನ್. ಒಳಗಿನಿಂದ ಒಂದು ಜೂಲ್ ಉಷ್ಣವನ್ನು ಹೊರಕ್ಕೆತ್ತಲು, 1824ರಲ್ಲಿ ಕಾರ್ನೋ ತಳಹದಿ ಹಾಕಿದ ತತ್ತ್ವದಂತೆ, ಕನಿಷ್ಠಪಕ್ಷ 107/193, ಎಂದರೆ ಸುಮಾರು 0.55 ಜೂಲ್ ಕೆಲಸ ಬೇಕು. −70 ಡಿಗ್ರಿಯಲ್ಲಾದರೆ 97/203, ಸುಮಾರು 0.48 ಜೂಲ್ ಸಾಕು. ಇದಲ್ಲದೆ, ಗೋಡೆಗಳ ಮೂಲಕ ಒಳನುಸುಳುವ ಉಷ್ಣವು ಒಳಹೊರಗಿನ ಉಷ್ಣತೆಗಳ ವ್ಯತ್ಯಾಸಕ್ಕೆ ಅನುಗುಣವಾಗಿರುವುದರಿಂದ ಅದೂ ಶೇಕಡ 9ರಷ್ಟು ತಗ್ಗುತ್ತದೆ. ಎರಡೂ ಸೇರಿ ಆದರ್ಶ ಯಂತ್ರದಲ್ಲಿಯೇ ಶೇಕಡ 22ರಷ್ಟು ಉಳಿತಾಯ! ನಿಜವಾದ ಯಂತ್ರಗಳಲ್ಲಿ ಅಳೆದವರು ಶೇಕಡ 30ರ ಸುಮಾರಿನ ಉಳಿತಾಯವನ್ನು ಕಂಡಿದ್ದಾರೆ. ಫ್ರೀಜರು ಹೊರಚೆಲ್ಲಿದ ಉಷ್ಣವನ್ನು ಕೋಣೆಯಿಂದ ಹೊರದೂಡಲು ಹವಾನಿಯಂತ್ರಣ ಯಂತ್ರವು ತೆರುವ ವಿದ್ಯುತ್ತು ಬೇರೆ. ರಾಯಚೂರಿನ ಬೇಸಗೆಯಲ್ಲಿ ಈ ಎರಡನೆಯ ತೆರಿಗೆ ಇನ್ನೂ ಹೆಚ್ಚು.

ಹಾಗಾದರೆ ಮಾದರಿಗಳು ಕೆಡುವುದಿಲ್ಲವೆ? ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯದ ಬೋಲ್ಡರ್ ಕೇಂದ್ರದವರು −70 ಡಿಗ್ರಿಯಲ್ಲಿ ಸುರಕ್ಷಿತವಾಗಿ ಉಳಿದ ಮಾದರಿಗಳ ಪಟ್ಟಿಯನ್ನೇ ಸಿದ್ಧಪಡಿಸಿದ್ದಾರೆ. 2020ರಲ್ಲಿ ಬಳಕೆಗೆ ಬಂದ ಫೈಜರ್ ಕೋವಿಡ್ ಲಸಿಕೆಯ ಅತಿಶೀತ ಸಂಗ್ರಹಣೆಗೂ −60 ಡಿಗ್ರಿಯ ಮೇಲ್ಮಿತಿಯನ್ನು ಇಡಲಾಗಿತ್ತು. ಜೀವಂತ ಕೋಶಗಳನ್ನು ದೀರ್ಘಕಾಲ ಉಳಿಸಬೇಕಾದರೆ ದ್ರವ ನೈಟ್ರೊಜನ್ನನ್ನು ಆಶ್ರಯಿಸಬೇಕು, ನಿಜ. ಅವುಗಳಿಗೆ −80 ಡಿಗ್ರಿಯೂ ಸಾಲದು.

ವಿದ್ಯುತ್ತು ನಿಂತಾಗ ಹೆಚ್ಚು ತಣ್ಣಗಿರುವ ಪೆಟ್ಟಿಗೆ ಸ್ವಲ್ಪ ಹೆಚ್ಚು ಹೊತ್ತು ತಡೆದೀತೆಂದು ಕೆಲವರು ವಾದಿಸುತ್ತಾರೆ. ಅದು ತಳ್ಳಿಹಾಕತಕ್ಕ ಮಾತಲ್ಲ. ಒಂದು ಫ್ರೀಜರು ಬೆಚ್ಚಗಾದರೆ ಹತ್ತು ವರ್ಷಗಳ ದುಡಿಮೆ ಹಾಳಾಗಬಹುದು. ಆದರೆ ಈ ಅಪಾಯಕ್ಕೆ ತಕ್ಕ ಪರಿಹಾರವೆಂದರೆ ಜನರೇಟರು ಮತ್ತು ಎಚ್ಚರಿಕೆಯ ಗಂಟೆ. ಎಂದೋ ಒಮ್ಮೆ ಬರುವ ಅಪಾಯಕ್ಕಾಗಿ ದಿನದಿನವೂ ವಿದ್ಯುತ್ತನ್ನು ಸುಡುವುದು ವಿವೇಕವಲ್ಲ.

ಈ ವಾಡಿಕೆ ಬದಲಾಗದಿರಲು ಇನ್ನೊಂದು ಕಾರಣವನ್ನೂ ನಾವು ಶಂಕಿಸುತ್ತೇವೆ. ಅನೇಕ ಕಡೆ ಫ್ರೀಜರನ್ನು ಬಳಸುವವರು ಒಬ್ಬರು, ವಿದ್ಯುತ್ತಿನ ಬಿಲ್ಲನ್ನು ಕಟ್ಟುವವರು ಇನ್ನೊಬ್ಬರು. ಪ್ರತಿಯೊಂದು ಫ್ರೀಜರಿಗೂ ಒಂದು ಮೀಟರನ್ನು ಜೋಡಿಸಿ, ಒಳಗೆ ಏನೇನಿದೆಯೆಂಬ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರೆ ಅರ್ಧ ಕೆಲಸ ಮುಗಿದಂತೆ. ಯಾರಿಗೂ ಬೇಡವಾದ ಮಾದರಿಗಳು ಆಗ ತಾವಾಗಿಯೇ ಬೆಳಕಿಗೆ ಬರುತ್ತವೆ.

ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಇಂತಹ ಪ್ರಯೋಗಾಲಯಗಳನ್ನು ಸೇರುವರು. ಅಲ್ಲಿ ಫ್ರೀಜರಿನ ಮೇಲಿನ ಅಂಕಿಯನ್ನು ಕಂಡಾಗ ‘ಇಷ್ಟೇ ಏಕೆ?’ ಎಂದು ಅವರು ಕೇಳಲಿ. ವಾಡಿಕೆಯನ್ನು ಪ್ರಶ್ನಿಸುವುದೂ ವಿಜ್ಞಾನವೇ.