ದಾನವೂ ಅದರ ಕಾಪೂ

ನಮ್ಮ ಹೊನವಾಡವು ಪೂರ್ವದಲ್ಲಿ ಪೊನ್ನವಾಡವೆನಿಸಿದ್ದಿತು. ಚಾಲುಕ್ಯ ಸೋಮೇಶ್ವರನ ರಾಣಿ ಕೇತಲದೇವಿಯು ಈ ಅಗ್ರಹಾರವನ್ನು ಆಳುತ್ತಿದ್ದಾಗ ಚಾಂಕಿರಾಜನು ಇಲ್ಲಿ ಬಸದಿಯನ್ನು ಕಟ್ಟಿಸಿದನೆಂದೂ, ಅದಕ್ಕೆ ಭೂಮಿಯು ದತ್ತಿಯಾಯಿತೆಂದೂ ಕ್ರಿ. ಶ. ೧೦೫೪ರ ಶಾಸನವು ಹೇಳುತ್ತದೆ. ವಾಚಕರು ಆ ಭೂಮಿಯನ್ನು ಲಕ್ಷಿಸಬೇಕು. ಕಟ್ಟಡವು ಒಂದು ದಿನದ ಉತ್ಸಾಹದಿಂದ ಏಳುವದು; ಉಳಿಯುವದು ಮಾತ್ರ ವರ್ಷವರ್ಷದ ಉತ್ಪನ್ನದಿಂದ.

ವಿಜಯಪುರದ ತಾಜ ಬಾವಡಿಯನ್ನೇ ನೋಡಿರಿ. ೧೬೨೦ರಲ್ಲಿ ಕಟ್ಟಿಸಿದ ಆ ವಿಶಾಲವಾದ ಬಾವಿಯು ಹೂಳು ಕಸಗಳಿಂದ ತುಂಬಿ ನಿರುಪಯುಕ್ತವಾಗಿದ್ದಿತು. ನಮ್ಮ ಕಾಲದಲ್ಲಿ ಅದನ್ನು ಶುದ್ಧಿಗೊಳಿಸಬೇಕಾಯಿತು. ಕಟ್ಟಿಸುವ ದಾನಿಯು ದೊರೆತಿದ್ದನು. ಕಾಯುವ ದಾನಿಯು ದೊರೆಯಲಿಲ್ಲ.

ಪರರನ್ನೇಕೆ ದೂರಲಿ? ನಾನೂ ಒಮ್ಮೆ ಹೆಸರಿನ ಕಲ್ಲಿನ ಆಸೆಗೆ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿದವನೇ. ಕಲ್ಲು ನೆಟ್ಟಗಿದೆ, ತೊಟ್ಟಿ ಬಿರಿದಿದೆ.

ಆದುದರಿಂದ ಗೃಹಸ್ಥರು ಕೊಡುವ ಮೊದಲು ಮೂರು ಮಾತು ಕೇಳತಕ್ಕದ್ದು. ನಾವು ಕೊಡದಿದ್ದರೆ ಈ ಕೆಲಸವು ನಿಲ್ಲುವದೋ? ಹತ್ತು ವರ್ಷಗಳ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ವರ್ಷಕ್ಕೊಮ್ಮೆ ಲೆಕ್ಕ ತೋರಿಸುವರೋ? ಹತ್ತು ಕಡೆ ಹಂಚಿ ಕೊಡುವ ಕಾಸಿಗಿಂತ, ಇವಕ್ಕೆ ಉತ್ತರವುಳ್ಳ ಒಂದೇ ಸಂಸ್ಥೆಗೆ ಪ್ರತಿವರ್ಷವೂ ತಪ್ಪದೆ ಕೊಡುವದು ಶ್ರೇಯಸ್ಕರ.

ಇನ್ನೂ ಹುಟ್ಟದ ಮಕ್ಕಳು ನಮ್ಮ ಬಾಗಿಲಿಗೆ ಬಂದು ಬೇಡಲಾರರು. ಅವರ ಪರವಾಗಿ ನಾವೇ ಕೇಳಬೇಕು.