ಬಡವರಾಗಿ ಉಳಿಯಲು ಯಾರೋ ಕಾನೂನು ಮುರಿಯಬೇಕು

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ ಹತ್ತು ಸಾವಿರ, ಅದೂ ಇಡೀ ಮನೆಯದ್ದು. 2024ರ ನವೆಂಬರ್‌ನಲ್ಲಿ ಅನರ್ಹರ ಕಾರ್ಡು ರದ್ದು ಮಾಡಲು ಹೊರಟಾಗ ಗದ್ದಲವೆದ್ದಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಬೇರೆಯವರ ಕಾರ್ಡು ಮುಟ್ಟಬೇಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಅದು ತಣ್ಣಗಾಯಿತು. ಮಿತಿಯ ಗೊಡವೆಗೆ ಮಾತ್ರ ಯಾರೂ ಹೋಗಲಿಲ್ಲ. 2025ರಲ್ಲಿ ಮತ್ತೆ ಅನರ್ಹರ ಹುಡುಕಾಟ ಶುರುವಾಯಿತು.

ಇದೇ ಸರ್ಕಾರದ ಕಾರ್ಮಿಕ ಇಲಾಖೆ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಅತಿ ಕಡಿಮೆ ಕನಿಷ್ಠ ವೇತನವೇ ತಿಂಗಳಿಗೆ ಸುಮಾರು 19,300 ರೂಪಾಯಿ. ಒಂದು ಇಲಾಖೆ ಇಷ್ಟಿಲ್ಲದೆ ಬದುಕಲಾಗದು ಎನ್ನುತ್ತದೆ. ಇನ್ನೊಂದು, ಇದರ ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕಿದರೂ ನೀವು ಬಡವರಲ್ಲ ಎನ್ನುತ್ತದೆ. ಹಾಗಾಗಿ ಕಾರ್ಡು ಉಳಿಯಬೇಕಾದರೆ ದುಡಿಸಿಕೊಳ್ಳುವವರು ಕನಿಷ್ಠ ವೇತನ ಕೊಡದೆ ಇರಬೇಕು. ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ಯಾರೂ ಓದಿಲ್ಲವೇ?

ನಾಲ್ಕು ಜನರ ಮನೆಗೆ ಹತ್ತು ಸಾವಿರವನ್ನು ಹಂಚಿದರೆ ತಲೆಗೆ ದಿನಕ್ಕೆ 83 ರೂಪಾಯಿ. ಬೆಂಗಳೂರಿನ ನಮ್ಮ ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 90ಕ್ಕೇರಿತು. 2011ರಲ್ಲಿ ಯೋಜನಾ ಆಯೋಗ ನಗರದವರಿಗೆ ದಿನಕ್ಕೆ 32 ರೂಪಾಯಿ ಸಾಕೆಂದು ಸುಪ್ರೀಂ ಕೋರ್ಟ್‌ಗೆ ಹೇಳಿ ನಗೆಪಾಟಲಾಗಿತ್ತು. ಅದಕ್ಕೆ ನಕ್ಕವರಲ್ಲಿ ಅನೇಕರು ಈ 83ರ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಜಯನಗರ, ಜೆ.ಪಿ. ನಗರದ ಪಾರ್ಕಿನ ವಾಕಿಂಗ್ ಗುಂಪುಗಳಲ್ಲಿ ಬೇರೆಯೇ ತಕರಾರು: ‘ಕೆಲಸದವಳ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ಮಗನಿಗೆ ಬೈಕ್ ಇದೆ, ಬಡತನ ಎಲ್ಲಿಂದ ಬಂತು?’ ಹೀಗೆನ್ನುವವರ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಆಕೆಯ ಹಾಜರಿ ಬೀಳುವುದು ಆ್ಯಪ್‌ನಲ್ಲಿ. ಸಂಬಳ ಹೋಗುವುದು ಫೋನ್‌ಪೇಯಲ್ಲಿ. ನಾಳೆ ನೆಂಟರು ಬರುತ್ತಾರೆ, ಬೇಗ ಬಾ ಎಂದು ಅಮ್ಮಾವ್ರು ರಾತ್ರಿ ಹತ್ತಕ್ಕೆ ಸಂದೇಶ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ. ಒಡೆದ ಗಾಜಿಗೆ ಟೇಪು ಅಂಟಿಸಿದ ಆ ಫೋನು ಆಕೆಯ ದುಡಿಮೆಯ ಸಾಮಾನು. ಬಿಟಿಎಂ ಲೇಔಟಿನಲ್ಲಿ ಮರದ ನೆರಳಿಗೆ ನಿಂತು ಆರ್ಡರ್ ಕಾಯುವ ಹುಡುಗನ ಬೈಕೂ ಅಷ್ಟೇ. ಕಂತು ತಪ್ಪಿದರೆ ಬೈಕೂ ಇಲ್ಲ, ಕೆಲಸವೂ ಇಲ್ಲ.

ಕಾರ್ಡು ಅಕ್ಕಿಗಷ್ಟೇ ಎಂದುಕೊಂಡವರು ಜಯದೇವ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಬಳಿ ಅರ್ಧ ಗಂಟೆ ನಿಲ್ಲಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸರ್ಕಾರದ್ದು. ಉಳಿದದ್ದಕ್ಕೆ ತಾಳಿ ಅಡವಿಡಬೇಕು, ಇಲ್ಲವೇ ಮೀಟರ್ ಬಡ್ಡಿಗೆ ಕೈಚಾಚಬೇಕು. ಒಂದು ಎದೆನೋವಿಗೆ ಹತ್ತು ವರ್ಷದ ಸಂಪಾದನೆ ಕರಗಿಹೋಗುವ ಮನೆಯನ್ನು ಬಡವರದ್ದಲ್ಲ ಎನ್ನುವುದಾದರೆ ಬಡತನ ಅನ್ನುವುದು ಯಾವುದಕ್ಕೆ?

ಬೋಗಸ್ ಕಾರ್ಡುಗಳಿವೆ, ಅದು ಸುಳ್ಳಲ್ಲ. ಕೋಟಿಗೂ ಮೀರಿ ಬಿಪಿಎಲ್ ಕಾರ್ಡುಗಳಿರುವ ಶ್ರೀಮಂತ ರಾಜ್ಯವನ್ನು ನೋಡಿ ಹುಬ್ಬೇರಿಸುವವರನ್ನೂ ತಪ್ಪೆನ್ನಲಾರೆ. ವೈಟ್ ಬೋರ್ಡ್ ಕಾರಿನಲ್ಲಿ ಬಂದು ಪಡಿತರ ಒಯ್ಯುವವರನ್ನು ಹಿಡಿಯಲಿ. ಆದರೆ ಅದಕ್ಕೂ ಮೊದಲು ಆದಾಯ ಮಿತಿಯನ್ನು ಕನಿಷ್ಠ ವೇತನಕ್ಕೆ ಜೋಡಿಸಲಿ. ವೇತನ ಏರಿದಾಗಲೆಲ್ಲ ಮಿತಿಯೂ ಏರಲಿ. ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ ಇದು. ಅನರ್ಹರನ್ನು ಹುಡುಕಿಕೊಂಡು ರಾಗಿಗುಡ್ಡದ ಕೊಳೆಗೇರಿಗೆ ಹೋಗುವ ಅಧಿಕಾರಿಗಳು ಹಾಗೇ ರಸ್ತೆ ದಾಟಿ ಜಯನಗರದ ಮನೆಗಳ ಗಂಟೆಯನ್ನೂ ಒತ್ತಲಿ. ಮನೆಗೆಲಸದ ಆ ಕನಿಷ್ಠ ವೇತನ ಎಷ್ಟು ಮನೆಗಳಲ್ಲಿ ಸಿಗುತ್ತಿದೆ ಎಂಬ ಪಟ್ಟಿಯನ್ನೂ ಪ್ರಕಟಿಸಲಿ.