ನೆಂಟರಲ್ಲದವರ ಮನೆ

ಬೆಲ್ಜಿಯಂನ ಗೇಲ್ ಎಂಬ ಊರಿನ ಒಂದು ಮನೆಯಲ್ಲಿ ಒಬ್ಬ ಅತಿಥಿಯಿದ್ದ. ತನ್ನ ಅಂಗಿಯ ಗುಂಡಿಗಳನ್ನು ತಿರುವಿ ತಿರುವಿ ಕಿತ್ತುಹಾಕುವುದು ಅವನ ದಿನನಿತ್ಯದ ಕೆಲಸ. ಮನೆಯೊಡತಿ ದಿನವೂ ಕುಳಿತು ಅಷ್ಟನ್ನೂ ಹೊಲಿಯುತ್ತಿದ್ದಳು. ಮರುದಿನ ಮತ್ತೆ ಅವು ನೆಲಕ್ಕೆ. 1970ರ ದಶಕದಲ್ಲಿ ಅಧ್ಯಯನಕ್ಕೆಂದು ಅಲ್ಲಿಗೆ ಹೋಗಿದ್ದ ಅಮೆರಿಕದ ಎಲನ್ ಬ್ಯಾಕ್ಸ್‌ಟರ್ ಇದನ್ನು ಕಂಡು, ಗಾಳದ ನೈಲಾನ್ ದಾರದಲ್ಲಿ ಹೊಲಿದುಬಿಡಿ, ಆಗ ಹೇಗೆ ಕೀಳುತ್ತಾನೆ ನೋಡೋಣ ಎಂದರಂತೆ. ಮನೆಯೊಡತಿ ಒಪ್ಪಲಿಲ್ಲ. ಗುಂಡಿ ಕೀಳುವುದು ಅವನಿಗೆ ಬೇಕು, ಅದನ್ನು ತಪ್ಪಿಸುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ ಎಂಬುದು ಅವಳ ವಾದ. ಬ್ಯಾಕ್ಸ್‌ಟರ್ ಮುಂದೆ ನ್ಯೂಯಾರ್ಕಿನಲ್ಲಿ ಮನೆಯಿಲ್ಲದವರಿಗೆ ವಸತಿ ಕಟ್ಟುವ ಸಂಸ್ಥೆ ಶುರುಮಾಡಿದರು. ಈ ಗುಂಡಿಯ ಪ್ರಸಂಗ ಅವರು ಹೇಳಿದ್ದು.

ಆ ಅತಿಥಿ ಅವಳ ಸ್ವಂತ ತಮ್ಮನೋ ಮಗನೋ ಆಗಿದ್ದರೆ ಅವಳು ಅಷ್ಟು ನಿರಾಳವಾಗಿ ದಾರ ಪೋಣಿಸುತ್ತಿದ್ದಳೇ? ನನಗೆ ಅನುಮಾನ. ಸ್ವಂತ ಮಗನಾದರೆ ಅವನು ಸರಿಹೋಗಬೇಕು, ಕೆಲಸಕ್ಕೆ ಹೋಗಬೇಕು, ಮದುವೆಯಾಗಬೇಕು. ಕಿತ್ತು ಬಿದ್ದ ಪ್ರತಿ ಗುಂಡಿಯೂ ಅವನು ಸರಿಹೋಗಿಲ್ಲ ಎಂಬುದಕ್ಕೆ ಸಾಕ್ಷಿ. ಅತಿಥಿಯ ಗುಂಡಿ ಬರೀ ಗುಂಡಿ.

ಗೇಲ್‌ನಲ್ಲಿ ಇದು ಯಾರೋ ಒಬ್ಬ ಪುಣ್ಯಾತ್ಗಿತ್ತಿಯ ಕಥೆಯಲ್ಲ. ನೆಂಟರಲ್ಲದ ಮಾನಸಿಕ ಅಸ್ವಸ್ಥರನ್ನು ಮನೆಯಲ್ಲಿ ಅತಿಥಿಗಳಾಗಿ ಇರಿಸಿಕೊಳ್ಳುವುದು ಊರಿಗೆ ಊರೇ ರೂಢಿಸಿಕೊಂಡ ಪದ್ಧತಿ. ಏಳು ಶತಮಾನಗಳಷ್ಟು ಹಳೆಯದು. ಅದರ ಬೇರು ಇರುವುದು ಊರಿನ ಸಂತ ಡಿಂಫ್ನಾಳ ಕಥೆಯಲ್ಲಿ. ಐತಿಹ್ಯದ ಪ್ರಕಾರ ಅವಳು ಐರ್ಲೆಂಡಿನ ರಾಜಕುಮಾರಿ. ಹೆಂಡತಿ ತೀರಿಕೊಂಡ ದುಃಖದಲ್ಲಿ ಬುದ್ಧಿ ಕೆಟ್ಟ ಅವಳ ತಂದೆ ಮಗಳನ್ನೇ ಮದುವೆಯಾಗಲು ಹೊರಟ. ಅವಳು ಕಡಲು ದಾಟಿ ಓಡಿಬಂದಳು. ಬೆನ್ನಟ್ಟಿ ಬಂದವನು ಗೇಲ್‌ನಲ್ಲಿ ಅವಳ ತಲೆ ಕಡಿದ. ಹುಚ್ಚಿಗೆ ಬಲಿಯಾದವಳೇ ಹುಚ್ಚು ಬಿಡಿಸುವ ದೇವಿಯಾದಳು. ಅನ್ಯಾಯವಾಗಿ ಸತ್ತ ಹೆಣ್ಣುಮಕ್ಕಳನ್ನೇ ಊರ ಗಡಿಯಲ್ಲಿ ಪೂಜಿಸುತ್ತ ಬಂದಿರುವ ನಮಗೆ ಈ ತರ್ಕ ಹೊಸದೇನಲ್ಲ. ಅವಳ ಚರ್ಚಿಗೆ ಯುರೋಪಿನ ಮೂಲೆಮೂಲೆಯಿಂದ ಜನ ತಮ್ಮವರನ್ನು ಕರೆತಂದರು. ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲಿ ಒಂಬತ್ತು ದಿನಗಳ ವ್ರತ. ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ ಕಂಬ ಹತ್ತಿ ಕೂಗುವವರನ್ನು, ವಾರಗಟ್ಟಲೆ ಊರಲ್ಲೇ ಉಳಿದು ಮಧುಕರಿ ಬೇಡುವವರನ್ನು ಕಂಡವರಿಗೆ ಆ ಕಾಲದ ಗೇಲ್ ಊಹಿಸುವುದು ಕಷ್ಟವಲ್ಲ.

ಕೋಣೆ ತುಂಬಿತು, ಜನ ಬರುವುದು ನಿಲ್ಲಲಿಲ್ಲ. ಹೆಚ್ಚಾದವರು ಸುತ್ತಲಿನ ರೈತರ ಮನೆಗಳಲ್ಲಿ ಇಳಿದುಕೊಂಡರು. ಒಂಬತ್ತು ದಿನ ಕಳೆದರೂ ವಾಸಿಯಾಗದವರಲ್ಲಿ ಕೆಲವರು ಅಲ್ಲೇ ಉಳಿದುಬಿಟ್ಟರು, ಹೊಲದಲ್ಲಿ ಕೆಲಸ ಮಾಡಿದರು, ಮಕ್ಕಳನ್ನು ಆಡಿಸಿದರು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. 1850ರ ಕಾಯಿದೆಯ ನಂತರ ಬೆಲ್ಜಿಯಂ ಸರ್ಕಾರ ಇದರ ಉಸ್ತುವಾರಿ ವಹಿಸಿಕೊಂಡಿತು. ವೈದ್ಯರು ಬಂದರು, ಮನೆಗಳ ತಪಾಸಣೆ ಶುರುವಾಯಿತು, 1862ರಲ್ಲಿ ಒಂದು ಆಸ್ಪತ್ರೆಯೂ ಎದ್ದಿತು. 1938ರ ಹೊತ್ತಿಗೆ ಆ ಪುಟ್ಟ ಊರಿನ ಮನೆಗಳಲ್ಲಿ 3,700ಕ್ಕೂ ಹೆಚ್ಚು ಮಂದಿ ಅತಿಥಿಗಳು. (ಚಿತ್ರಕಾರ ವ್ಯಾನ್ ಗೋನನ್ನೂ ಅವನ ಅಪ್ಪ 1880ರಲ್ಲಿ ಇಲ್ಲಿಗೆ ಕಳಿಸಲು ಯೋಚಿಸಿದ್ದರು. ಮಗ ಒಪ್ಪಲಿಲ್ಲ.)

ಒಂದು ವಿಚಿತ್ರ ನಿಯಮವೂ ಅಲ್ಲಿ ನಡೆದುಬಂದಿದೆ. ಬರುವವರಿಗೆ ಏನು ಕಾಯಿಲೆ ಎಂಬುದನ್ನು ಮನೆಯವರಿಗೆ ಹೇಳುವುದಿಲ್ಲ. ಸ್ಕಿಜೋಫ್ರೇನಿಯಾ ಎಂದು ಮೊದಲೇ ಗೊತ್ತಾದರೆ ಮನೆಯವರು ಮನುಷ್ಯನನ್ನು ಬಿಟ್ಟು ಕಾಯಿಲೆಯನ್ನು ನೋಡಲು ಶುರುಮಾಡುತ್ತಾರೆ. ಗೊತ್ತಿಲ್ಲದಿದ್ದರೆ ಇವರು ಬೆಳಿಗ್ಗೆ ತಡವಾಗಿ ಏಳುತ್ತಾರೆ, ಕಾಫಿಗೆ ಸಕ್ಕರೆ ಜಾಸ್ತಿ ಬೇಕು, ಗದ್ದಲ ಆಗುವುದಿಲ್ಲ ಎಂದಷ್ಟೇ ತಿಳಿಯುತ್ತದೆ. ಮನೆ ನಡೆಸುವುದಕ್ಕೆ ಅಷ್ಟು ಸಾಕು.

ಇದೆಲ್ಲ ಬೆಣ್ಣೆಯಲ್ಲಿ ಕೂದಲೆಳೆದಂತೆ ನಡೆದುಬಂದಿಲ್ಲ. ಪುಕ್ಕಟೆ ಕೂಲಿಯಾಳು ಸಿಗುತ್ತಾರೆಂದೇ ರೈತರು ಇಟ್ಟುಕೊಳ್ಳುತ್ತಾರೆ ಎಂಬ ಆಪಾದನೆ ಹತ್ತೊಂಬತ್ತನೆಯ ಶತಮಾನದಲ್ಲೇ ಇತ್ತು. ಬೆಲ್ಜಿಯಂನ ದೊಡ್ಡ ಮನೋವೈದ್ಯ ಜೋಸೆಫ್ ಗಿಸ್ಲೇನ್‌ಗೆ ಗೇಲ್ ಕಂಡರಾಗುತ್ತಿರಲಿಲ್ಲ. ರೋಗಿ ಇರಬೇಕಾದದ್ದು ಒಳ್ಳೆಯ ಆಸ್ಪತ್ರೆಯಲ್ಲಿ ಎಂಬುದು ಅವನ ನಿಲುವು. ಆಪಾದನೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಕೆಲಸ ಕೊಡದೆ ನಲವತ್ತು ವರ್ಷ ಗೋಡೆ ನೋಡಿಸುವುದು ಕರುಣೆ ಎಂದೂ ನನಗನ್ನಿಸುವುದಿಲ್ಲ.

ಗೇಲ್‌ನ ಅನುಭವಕ್ಕೆ ಅಂಕಿಅಂಶದ ಬೆಂಬಲ ಸಿಕ್ಕಿದ್ದು ಅನಿರೀಕ್ಷಿತ ದಿಕ್ಕಿನಿಂದ. 1958ರಲ್ಲಿ ಲಂಡನ್ನಿನ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಬಹುಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದು ಡಿಸ್ಚಾರ್ಜ್ ಆದ ಗಂಡಸರು ಆಮೇಲೆ ಏನಾದರು ಎಂದು ಹುಡುಕಿ ನೋಡಿದರು. ತಂದೆತಾಯಿಯ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ ಬಾಡಿಗೆ ಕೋಣೆಗಳಲ್ಲೋ ಅಣ್ಣತಮ್ಮಂದಿರ ಜೊತೆಗೋ ಉಳಿದವರೇ ಚೆನ್ನಾಗಿದ್ದರು! ಮುಂದಿನ ವರ್ಷಗಳಲ್ಲಿ ಕಾರಣವೂ ತಿಳಿದುಬಂತು. ಸದಾ ಟೀಕೆ, ಅತಿಯಾದ ಕಾಳಜಿ, ಕಣ್ಣೀರು ತುಂಬಿದ ಮನೆಯಲ್ಲಿ, ವಾರಕ್ಕೆ 35 ಗಂಟೆಗೂ ಹೆಚ್ಚು ಮುಖಾಮುಖಿ ಇದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚು. ಆ ಮೊದಲ ಅಧ್ಯಯನದಲ್ಲಿ ಬ್ರೌನ್ ಜೊತೆಗಿದ್ದವರಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಒಬ್ಬರು. ಮುಂದೆ ಡಾ. ಆರ್. ಎಲ್. ಕಪೂರ್ ಜೊತೆ ನಮ್ಮ ಕರಾವಳಿಯ ಕೋಟದ ಜನರ ಮನಸ್ಸನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಬರೆದವರೂ ಇವರೇ. ಶಿವರಾಮ ಕಾರಂತರ ಊರು ಮನೋವೈದ್ಯಶಾಸ್ತ್ರದ ಗ್ರಂಥಾಲಯ ಸೇರಿದ್ದು ಹಾಗೆ.

ನಮ್ಮ ಕುಟುಂಬ ಬೇರೆ ಎಂದು ಯಾರಾದರೂ ಹೇಳಿದರೆ ಅದರಲ್ಲೂ ಸತ್ಯವಿದೆ. ಡಾ. ಎನ್. ಎನ್. ವಿಗ್ ಮತ್ತಿತರರು 1980ರ ದಶಕದಲ್ಲಿ ಚಂಡೀಗಡದಲ್ಲಿ ಇದೇ ಬಗೆಯ ಅಧ್ಯಯನ ಮಾಡಿದಾಗ, ಇಲ್ಲಿನ ಮನೆಗಳಲ್ಲಿ ಆ ಚುಚ್ಚುಮಾತು ಲಂಡನ್ನಿಗಿಂತ ಬಹಳ ಕಡಿಮೆ ಕಂಡಿತು. 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯ ಅಂಗಳದಲ್ಲಿ ಟೆಂಟು ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡ ಡಾ. ವಿದ್ಯಾಸಾಗರ್ ಇಡೀ ಜಗತ್ತಿಗೇ ಪಾಠ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂದಿಗೂ ರೋಗಿಯ ಮಂಚದ ಪಕ್ಕ ಚಾಪೆ ಸುತ್ತಿಟ್ಟು ಕುಳಿತ ಅಮ್ಮನನ್ನೋ ಅಕ್ಕನನ್ನೋ ಕಾಣಬಹುದು. ಈ ಚಾಪೆಯ ಮೇಲೆಯೇ ನಮ್ಮ ಮಾನಸಿಕ ಆರೋಗ್ಯ ವ್ಯವಸ್ಥೆ ಕುಳಿತಿದೆ. ಆ ಅಮ್ಮನಿಗೆ ಎಪ್ಪತ್ತು ದಾಟಿದಾಗ? ವೈದ್ಯರ ಮುಂದೆ ಅವಳು ಕೇಳುವ ಪ್ರಶ್ನೆ ಮಾತ್ರೆಯದಲ್ಲ, ‘ನಮ್ಮ ನಂತರ ಇವನ ಗತಿ ಏನು ಸಾರ್?’ ಎಂಬುದು. ಅಣ್ಣತಮ್ಮಂದಿರ ಕಡೆ ಕೈ ತೋರಿಸುವುದನ್ನು ಬಿಟ್ಟರೆ ನಮ್ಮ ಬಳಿ ಹೆಚ್ಚಿನ ಉತ್ತರವಿಲ್ಲ.

ಕಾನೂನು ಮಾತ್ರ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೆಯ ಕಲಮಿನ ಪ್ರಕಾರ, ಮನೆಯವರು ಸೇರಿಸಿಕೊಳ್ಳುತ್ತಿಲ್ಲ ಅಥವಾ ಹೋಗಲು ಮನೆಯೇ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಮುದಾಯದ ನಡುವೆ ಬದುಕುವುದು ಅವರ ಹಕ್ಕು. ಆ ಹಕ್ಕಿಗೆ ಬೇಕಾದ ಮನೆ ಎಲ್ಲಿ?

ಒಂದು ಉತ್ತರ ಚೆನ್ನೈಯಲ್ಲಿದೆ. ಬೀದಿಪಾಲಾದ ಮಾನಸಿಕ ಅಸ್ವಸ್ಥ ಹೆಂಗಸರಿಗಾಗಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಕಟ್ಟಿದ ‘ದಿ ಬ್ಯಾನಿಯನ್’ ಸಂಸ್ಥೆ, ಗುಣವಾದವರನ್ನು ರೈಲು ಹತ್ತಿಸಿ ದೂರದೂರದ ಅವರ ಊರುಗಳಿಗೆ ಮುಟ್ಟಿಸುತ್ತಿತ್ತು. ಹೋಗಲು ಊರೇ ಇಲ್ಲದವರು ಸಂಸ್ಥೆಯಲ್ಲೇ ವರ್ಷಗಟ್ಟಲೆ ಉಳಿದರು. ಅವರಿಗಾಗಿ 2015ರಲ್ಲಿ ‘ಹೋಮ್ ಅಗೇನ್’ ಶುರುವಾಯಿತು. ಎಲ್ಲರ ಮನೆಗಳ ನಡುವೆ ಒಂದು ಸಾಧಾರಣ ಬಾಡಿಗೆ ಮನೆ. ಅದರಲ್ಲಿ ನಾಲ್ಕೈದು ಮಂದಿ. ಜೊತೆಗೆ ನೆರವಿಗೆ ಒಬ್ಬಳು ಹೆಂಗಸು, ನರ್ಸ್ ಅಲ್ಲ, ಹೆಚ್ಚಾಗಿ ಅದೇ ಸೀಮೆಯವಳು. ಅಡುಗೆಗೆ ಏನು ಎಂದು ಇವರೇ ಮಾತಾಡಿಕೊಳ್ಳಬೇಕು, ಅಂಗಡಿಗೆ ಇವರೇ ಹೋಗಬೇಕು. ವರ್ಷಾನುಗಟ್ಟಲೆ ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆ ಇಂದು ಹುಳಿಗೆ ನುಗ್ಗೆಕಾಯೋ ಬದನೆಯೋ ಎಂದು ಯಾರಾದರೂ ಕೇಳುವುದು ಎಂಥ ದೊಡ್ಡ ಸಂಗತಿ ಎಂದು ನಮ್ಮಂಥವರಿಗೆ ಬೇಗ ಹೊಳೆಯುವುದಿಲ್ಲ.

ಗೇಲ್ ಈಗ ಕ್ಷೀಣಿಸಿದೆ. ಹೊಲಗಳು ಹೋದವು, ಗಂಡಹೆಂಡತಿ ಇಬ್ಬರೂ ದುಡಿಯಲು ಹೋಗುತ್ತಾರೆ, ಹೊಸ ಔಷಧಗಳಿಂದಾಗಿ ಎಷ್ಟೋ ಮಂದಿ ಸ್ವತಂತ್ರವಾಗಿ ಇರಬಲ್ಲರು. ಸಾವಿರಗಳಲ್ಲಿದ್ದ ಅತಿಥಿಗಳು ನೂರರ ಲೆಕ್ಕಕ್ಕೆ ಇಳಿದಿದ್ದಾರೆ. 2023ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ತನ್ನ ಪರಂಪರೆಯ ದಾಖಲೆಗೆ ಸೇರಿಸಿತು. ಯುನೆಸ್ಕೊ ಬಂತೆಂದರೆ ಸಾಮಾನ್ಯವಾಗಿ ಸ್ವಲ್ಪ ತಡವಾಗಿದೆ ಎಂದೇ ಅರ್ಥ.

ಹಾಗೆಂದು ಗೇಲ್ ಅನ್ನು ಎತ್ತಿ ಇಲ್ಲಿ ನೆಡಲಾಗುವುದಿಲ್ಲ. ಯಾತ್ರಾಸ್ಥಳ, ದುಡ್ಡು ಪಡೆದು ಅಸ್ವಸ್ಥರನ್ನು ಇಟ್ಟುಕೊಳ್ಳುವ ಸ್ಥಳೀಯರು, ಇವೆರಡೂ ತಮಿಳುನಾಡಿನ ಏರ್ವಾಡಿಯಲ್ಲೂ ಇದ್ದವು. ಅಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥದೊಂದು ‘ಹೋಮ್‌’ಗೆ ಬೆಂಕಿ ಬಿದ್ದಾಗ 25ಕ್ಕೂ ಹೆಚ್ಚು ಮಂದಿ ಸತ್ತರು, ಸರಪಳಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಒಂದು ಕಡೆ ಒಂದು ಮನೆಗೆ ಒಬ್ಬರು ಅಥವಾ ಇಬ್ಬರು, ಕದ ತಟ್ಟಿ ವಿಚಾರಿಸುವ ನರ್ಸು, ಸರ್ಕಾರ ಕೊಡುವ ದಿನಭತ್ಯೆ. ಇನ್ನೊಂದು ಕಡೆ ಒಂದೇ ಸೂರಿನಡಿ ಹತ್ತಾರು ಮಂದಿ, ಕೇಳುವವರು ಯಾರೂ ಇಲ್ಲ. ಗೇಲ್‌ನವರು ಏರ್ವಾಡಿಯವರಿಗಿಂತ ಒಳ್ಳೆಯವರೆಂದು ನಾನು ನಂಬುವುದಿಲ್ಲ. ನಂಬುವುದು ಆ ನರ್ಸನ್ನು.

ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಇದೆ, ಹಗಲು ಹೊತ್ತು ನೋಡಿಕೊಳ್ಳುವ ‘ಮಾನಸಧಾರೆ’ ಇದೆ. ಸಂಜೆ ಐದರ ನಂತರದ ವ್ಯವಸ್ಥೆ ಮನೆಯವರ ಪಾಲಿಗೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು: ಮಾಂಸ ತಿನ್ನುತ್ತೀರಾ, ಎಷ್ಟು ಜನ, ಯಾವ ಪೈಕಿ ಎಂದು ಮಾಲೀಕರು ಮೂರು ಸುತ್ತು ವಿಚಾರಿಸುತ್ತಾರೆ. ನಾಲ್ವರು ಗುಣಮುಖರಾದ ರೋಗಿಗಳಿಗೆ ಅವರು ಸುಮ್ಮನೆ ಬೀಗದ ಕೈ ಕೊಡಲಾರರು. ಜಿಲ್ಲಾಡಳಿತವೇ ಕರಾರುಪತ್ರಕ್ಕೆ ಸಹಿ ಹಾಕಿ, ತಿಂಗಳ ಒಂದನೆಯ ತಾರೀಖಿಗೆ ತಪ್ಪದೆ ಬಾಡಿಗೆ ಕಟ್ಟುವುದಾದರೆ ಕೊಟ್ಟಾರು. ಮೈಸೂರಿನಲ್ಲೋ ಧಾರವಾಡದಲ್ಲೋ ಅಂಥ ಹತ್ತು ಮನೆ, ವಾರಕ್ಕೊಮ್ಮೆ ಕದ ತಟ್ಟುವ ಒಬ್ಬ ನರ್ಸು: ಆರಂಭಕ್ಕೆ ಹೊಸ ಕಟ್ಟಡದ ಶಂಕುಸ್ಥಾಪನೆಯೇನೂ ಬೇಕಿಲ್ಲ.